ಕಟ್ ಪೀಸ್ ಬಟ್ಟೇಲಿ ಡಬಲ್ ಕಾಟ್ ಕೌದಿ: ಒಂದು ಆರ್ಡರ್‌ನ ಪೂರ್ತಿ ಲೆಕ್ಕ

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ನಮ್ಮತ್ತಿಗೆ ಮನೇಲೇ ಬ್ಲೌಸ್ ಹೊಲೀತಾರೆ, ಬಿಡುವಿದ್ದಾಗ ಕೌದಿ (ತುಂಡು ಬಟ್ಟೆ ಜೋಡಿಸಿ ಹೊಲಿಯೋ ಹೊದಿಕೆ). ಗೋಕುಲಂ ಕಡೆ ಹೋಮ್‌ಸ್ಟೇ ನಡೆಸೋ ಒಬ್ಬರು ಮೇಡಂ (ಅಲ್ಲಿ ಯೋಗ ಕಲಿಯೋಕೆ ಅಂತ ಫಾರಿನ್ನವರು ವರ್ಷಪೂರ್ತಿ ಇರ್ತಾರಲ್ಲ, ಅವರಿಗೆ ರೂಮ್ ಕೊಡೋರು) ಒಂದು ಆರ್ಡರ್ ಕೊಟ್ರು. ಡಬಲ್ ಕಾಟ್ ಸೈಜು, 90 ಇಂಚು ಅಗಲ 100 ಇಂಚು ಉದ್ದ, ಪೂರ್ತಿ ಕಾಟನ್, ನೀಲಿ ಮತ್ತೆ ಬಿಳಿ ಬಿಟ್ರೆ ಬೇರೆ ಬಣ್ಣ ಕಾಣಬಾರದು, ಬಟ್ಟೆ ಕೂಲಿ ಎಲ್ಲಾ ಸೇರಿ 6,500 ರೂಪಾಯಿ. ಒಳಗೆ ತುಂಬೋಕೆ ಅವರಮ್ಮನ ಹಳೇ ಕಾಟನ್ ಸೀರೆ ಅವರೇ ತಂದ್ಕೊಟ್ರು, ಅದು ದೊಡ್ಡ ಉಳಿತಾಯ.

ಇದನ್ನ ಯಾಕೆ ಇಷ್ಟುದ್ದ ಬರೀತಿದೀನಿ ಅಂದ್ರೆ, ಅತ್ತಿಗೆ ಹೊಲಿಗೆ ಲೆಕ್ಕ ನೋಡೋಳು ನಾನು, ಕಟ್ ಪೀಸ್ ತಗೊಂಡ್ರೆ ಅಗ್ಗ ಅಂತ ಎಲ್ರೂ ಕಣ್ಮುಚ್ಚಿ ಹೇಳ್ತಾರಲ್ಲ, ಅದು ಎಷ್ಟು ನಿಜ ಅಂತ ಈ ಒಂದು ಆರ್ಡರ್‌ನಲ್ಲಿ ಬಿಲ್ ಸಮೇತ ಸಿಕ್ತು. ಕಟ್ ಪೀಸಲ್ಲೂ ಎರಡು ಜಾತಿ ಇದೆ, ಒಂದು ಉಳಿಸ್ತು ಇನ್ನೊಂದು ತಿಂತು.

ಮೊದಲು ಎಷ್ಟು ಬಟ್ಟೆ ಬೇಕು ಅನ್ನೋದು. ಡಿಸೈನ್ ತುಂಬಾ ಸಿಂಪಲ್, 5 ಇಂಚಿನ ಚೌಕ, ಅಡ್ಡಕ್ಕೆ 18, ಉದ್ದಕ್ಕೆ 20, ಒಟ್ಟು 360 ಚೌಕ. ಹೊಲಿಗೆಗೆ ನಾಲ್ಕೂ ಕಡೆ ಕಾಲು ಕಾಲು ಇಂಚು ಹೋಗತ್ತೆ, ಹಾಗಾಗಿ ಕತ್ತರಿಸಬೇಕಾಗಿರೋದು ಐದೂವರೆ ಇಂಚು. 44 ಇಂಚು ಪನ್ನದ (ಪನ್ನ ಅಂದ್ರೆ ಬಟ್ಟೆ ಅಗಲ) ಬಟ್ಟೇಲಿ ಅಡ್ಡಕ್ಕೆ 7 ಚೌಕ ಬರತ್ತೆ. ಒಂದು ಮೀಟರ್ ಅಂದ್ರೆ 39 ಇಂಚು ಚಿಲ್ಲರೆ, ಅದರಲ್ಲಿ 7 ಸಾಲು ಬರಬೇಕು ಅನ್ಸತ್ತೆ ಅಲ್ವಾ, ಬರಲ್ಲ, ಯಾಕಂದ್ರೆ ಹೊಸ ಕಾಟನ್ ನೆನೆಸಿ ಒಣಗಿಸಿದ್ರೆ ನೂರಕ್ಕೆ ಮೂರರಿಂದ ಐದು ಪಾಲು ಮುದುಡಿಕೊಳ್ಳತ್ತೆ, ಏಳು ಸಾಲಿಗೆ ಬೇಕಾದ ಮೂವತ್ತೆಂಟೂವರೆ ಇಂಚಿಗಿಂತ ಕಮ್ಮಿ ಉಳಿಯತ್ತೆ, ಆರೇ ಸಾಲು. ಅಂದ್ರೆ ಮೀಟರ್‌ಗೆ 42 ಚೌಕ. 360ಕ್ಕೆ ಸುಮಾರು 9 ಮೀಟರ್. ಅಶೋಕ ರಸ್ತೇಲಿ ಥಾನಿಂದ (ಅಂಗಡೀಲಿ ಸುತ್ತಿಟ್ಟಿರೋ ಪೂರ್ತಿ ಬಟ್ಟೆ) ಹೊಸದಾಗಿ ಕಟ್ ಮಾಡ್ಸಿದ್ರೆ ಆ ಥರ ಪ್ರಿಂಟೆಡ್ ಕಾಟನ್ ಮೀಟರ್ 110 ರೂಪಾಯಿ ಹೇಳಿದ್ರು, 9 ಮೀಟರ್‌ಗೆ 990. ಮೀಟರ್‌ಗೆ 42 ಚೌಕದ ಲೆಕ್ಕದಲ್ಲಿ ಚೌಕಕ್ಕೆ ಸುಮಾರು 2 ರೂಪಾಯಿ 60 ಪೈಸೆ ಬಿತ್ತು. ಈ 2.60 ನೆನಪಲ್ಲಿಟ್ಕೊಳ್ಳಿ, ಮುಂದಿಂದೆಲ್ಲಾ ಇದರ ಜೊತೆ ಹೋಲಿಸೋದು.

ಆಗ ಆಷಾಢ. ಮೈಸೂರಲ್ಲಿ ಆಷಾಢ ಅಂದ್ರೆ ಶುಕ್ರವಾರ ಚಾಮುಂಡಿ ಬೆಟ್ಟದ ಕ್ಯೂ ಒಂದು ಕಡೆ, ಬಟ್ಟೆ ಅಂಗಡಿಗಳ ಸೇಲ್ ಬೋರ್ಡು ಇನ್ನೊಂದು ಕಡೆ. ಮದುವೆ ಮುಂಜಿ ಇರಲ್ಲ, ವ್ಯಾಪಾರ ಮಲಗಿರತ್ತೆ, ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆ ಹೊಸ ಸ್ಟಾಕ್ ಬರೋದ್ರೊಳಗೆ ಹಳೇ ಥಾನ್ ಖಾಲಿ ಮಾಡ್ಬೇಕು, ಹಾಗಾಗಿ ಕೊನೇಲಿ ಅರ್ಧ ಮೀಟರ್ ಒಂದು ಮೀಟರ್ ಉಳಿದಿರೋ ತುಂಡುಗಳನ್ನೆಲ್ಲಾ ಬಾಗಿಲಲ್ಲಿ ಒಂದು ಮಂಚದ ಮೇಲೆ ಸುರಿದಿರ್ತಾರೆ. ಕೌದಿ ಹೊಲಿಯೋರಿಗೆ ಇದೇ ದಸರಾ.

ಅತ್ತಿಗೆ ಆದ್ರೆ ಮೊದಲು ಹೋಗಿದ್ದು ಆ ಮಂಚದ ಹತ್ರ ಅಲ್ಲ, ಕೆಜಿ ಲೆಕ್ಕದ ಸೇಲ್‌ಗೆ. ಯಾರೋ ಬ್ಲೌಸ್ ಕೊಡೋಕೆ ಬಂದೋರು ಹೇಳಿದ್ರಂತೆ, ಊರಾಚೆ ಒಂದು ಗೋಡೌನಲ್ಲಿ ಕಾಟನ್ ಪೀಸ್ ಕೆಜಿ 280 ಅಂತ. ಅಲ್ಲಿರೋನು ಹೇಳಿದ ಲೆಕ್ಕ ಕೇಳೋಕೆ ಚೆನ್ನಾಗಿತ್ತು, ತಪ್ಪೂ ಅಲ್ಲ. "ಅಕ್ಕಾ, ಒಂದು ಕೆಜಿಗೆ ಎಂಟು ಮೀಟರ್ ಬರತ್ತೆ, ಮೀಟರ್ 35 ರೂಪಾಯಿ ಬಿತ್ತು, ಎಲ್ ಸಿಗತ್ತೆ ಹೇಳಿ?" ತೆಳ್ಳಗಿರೋ ಕಾಟನ್ ಚದರ ಮೀಟರ್‌ಗೆ 110 ಗ್ರಾಂ ತೂಗತ್ತೆ ಅಂದ್ಕೊಳ್ಳಿ, 44 ಇಂಚು ಪನ್ನದಲ್ಲಿ ಒಂದು ಮೀಟರ್ 123 ಗ್ರಾಂ, ಕೆಜಿಗೆ ಎಂಟು ಮೀಟರ್ ಸರಿಯಾಗೇ ಬರತ್ತೆ. ಆದ್ರೆ ಅದು ಕೆಜಿ ಪೂರ್ತಿ ಅದೇ ಕಾಟನ್ ಆಗಿದ್ರೆ, ಅದೂ ಅಖಂಡವಾಗಿದ್ರೆ. ಗಂಟು ಬಿಚ್ಚೋಕೆ ಬಿಡಲ್ಲ, ಮೇಲ್ಗಡೆ ಕಾಣೋದು ಮಾತ್ರ ನೀಲಿ ಚೆಕ್ಸು ನೀಲಿ ಹೂವು. ಮೂರು ಕೆಜಿ ಗಂಟು ತಂದ್ರು, 840 ರೂಪಾಯಿ.

ಮನೇಲಿ ಹಾಲ್‌ನಲ್ಲಿ ಬಿಚ್ಚಿ ವಿಂಗಡಿಸಿದ್ವಿ. ಒಂದು ಕೆಜಿ ನೂರು ಗ್ರಾಂ ನೀಲಿ-ಬಿಳಿ ಕಾಟನ್. ಉಳಿದಿದ್ದು 600 ಗ್ರಾಂ ರೇಯಾನ್, 500 ಗ್ರಾಂ ಪಾಲಿಸ್ಟರ್, 400 ಗ್ರಾಂ ಟೀ ಶರ್ಟ್ ಹೊಸೈರಿ, ಮತ್ತೆ ಮಧ್ಯದಲ್ಲಿ ಬಂಡೆ ಥರ ಒಂದು ಜೀನ್ಸ್ ಬಟ್ಟೆ ತುಂಡು, ಅದೊಂದೇ 400 ಗ್ರಾಂ. ಜೀನ್ಸ್ ಚದರ ಮೀಟರ್‌ಗೆ 350-400 ಗ್ರಾಂ ಇರೋದ್ರಿಂದ ಒಂದು ತುಂಡು ಹಾಕಿದ್ರೆ ತೂಕಕ್ಕೆ ತೂಕ ಆಯ್ತು. ಮೋಸ ಅಂತ ಹೇಳೋಕೂ ಆಗಲ್ಲ, ಅವನು ಮಿಕ್ಸ್ ಗಂಟು ಅಂತಾನೇ ಮಾರೋದು.

ಬಟ್ಟೆ ಯಾವ್ದು ಅಂತ ಹೇಗೆ ಗೊತ್ತಾಯ್ತು ಅಂತ ಕೇಳ್ಬಹುದು. ಅತ್ತಿಗೆಗೆ ಕೈಗೇ ಗೊತ್ತಾಗತ್ತೆ, ನನಗೆ ಗೊತ್ತಾಗಲ್ಲ, ಹಾಗಾಗಿ ಅಂಚಿಂದ ನಾಲ್ಕು ನೂಲು ಎಳೆದು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗ್ಸಿದ್ವಿ. ಕಾಟನ್ ಕಾಗದ ಥರ ಉರಿದು ಮೆತ್ತಗೆ ಬೂದಿ ಆಗತ್ತೆ, ಪಾಲಿಸ್ಟರ್ ಕರಗಿ ಕೊನೇಲಿ ಗಟ್ಟಿ ಮಣಿ ಥರ ನಿಂತ್ಕೊಳ್ಳತ್ತೆ, ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ. ಈ ಪರೀಕ್ಷೆ ಕೈ ಕೊಡೋದು ರೇಯಾನ್ ವಿಷಯದಲ್ಲಿ, ಅದೂ ಮರದ ತಿರುಳಿಂದ ಮಾಡಿರೋದೇ ಆದ್ರಿಂದ ಕಾಟನ್ ಥರಾನೇ ಉರಿಯತ್ತೆ. ಅದಕ್ಕೆ ನೀರು ನೋಡ್ಬೇಕು, ಒದ್ದೆ ಮಾಡಿದ್ರೆ ಕಾಟನ್ ನೂಲು ಗಟ್ಟಿ ಆಗತ್ತೆ, ರೇಯಾನ್ ನೂಲು ಒದ್ದೆ ಆದ್ರೆ ಪಟ್ ಅಂತ ಕಿತ್ತೋಗತ್ತೆ. ಗೆಸ್ಟ್ ಹೌಸ್ ಕೌದಿ ಅಂದ್ರೆ ಪದೇ ಪದೇ ಒಗೆಯೋದು, ರೇಯಾನ್ ಚೌಕ ಮಧ್ಯ ಮಧ್ಯ ಹಾಕಿದ್ರೆ ಅದೇ ಮೊದಲು ಹರಿಯೋದು, ಹಾಗಾಗಿ ಎಷ್ಟೇ ಚೆಂದದ ನೀಲಿ ಇದ್ರೂ ಎತ್ತಿಟ್ರು.

ಉಳಿದ ಆ ಒಂದು ಕೆಜಿ ನೂರು ಗ್ರಾಂ ಕಾಟನ್, ಒಂಚೂರೂ ವೇಸ್ಟ್ ಇಲ್ಲದೆ ಬರೀ ವಿಸ್ತೀರ್ಣ ಭಾಗಿಸಿದ್ರೆ, ಪೇಪರ್ ಮೇಲೆ 500 ಚೌಕಕ್ಕೆ ಸಾಕು. ಬಂದಿದ್ದು 190. ಯಾಕಂದ್ರೆ ಅದು ಥಾನಿನ ತುಂಡಲ್ಲ, ಗಾರ್ಮೆಂಟ್ಸ್ ಕಟಿಂಗ್ ವೇಸ್ಟು. ಮದ್ದೂರು, ಶ್ರೀರಂಗಪಟ್ಟಣ ಕಡೆಯೆಲ್ಲಾ ಗಾರ್ಮೆಂಟ್ಸ್ ಇದಾವಲ್ಲ, ಶರ್ಟಿನ ತೋಳು ಕತ್ತರಿಸಿದ ಮೇಲೆ ಉಳಿಯೋ ಸೊಟ್ಟಸೊಟ್ಟ ತುಂಡು, ಕಂಕುಳ ಗುಂಡಿ ಆಕಾರದ್ದು, ಕೈಯಗಲದ ಪಟ್ಟಿ, ಇವೆಲ್ಲಾ ಹಂಗೇ ಗಂಟು ಕಟ್ಟಿ ಬರತ್ತೆ. ಚಿಕ್ಕ ಚೌಕದ ಡಿಸೈನ್ ಆಗಿದ್ರೆ, ಅಥವಾ ಉತ್ತರ ಕನ್ನಡದ ಸಿದ್ದಿ ಹೆಂಗಸರು ಮಾಡ್ತಾರಲ್ಲ, ಅಂಚಿಂದ ಶುರು ಮಾಡಿ ಸಿಕ್ಕ ಸಿಕ್ಕ ಆಕಾರದ ತುಂಡುಗಳನ್ನ ಮಡಚಿ ಮಡಚಿ ಹೊಲೀತಾ ಒಳಕ್ಕೆ ಬರೋದು, ಆ ಥರ ಕೌದಿಗೆ ಈ ಗಂಟು ಚಿನ್ನ. ಐದೂವರೆ ಇಂಚಿನ ನೇರ ಚೌಕಕ್ಕೆ ದಂಡ. 840 ಭಾಗಿಸು 190, ಚೌಕಕ್ಕೆ 4 ರೂಪಾಯಿ 40 ಪೈಸೆ. ಥಾನಿಂದ ಪೂರ್ತಿ ರೇಟ್ ಕೊಟ್ಟು ತಂದಿದ್ರೆ 2.60. ವಿಂಗಡಿಸೋಕೆ ಹೋದ ಟೈಮು, ಇಸ್ತ್ರಿ ಕರೆಂಟು ಬೇರೆ.

ಇದನ್ನ ನಾನು ಲೆಕ್ಕ ಹಾಕಿ ತೋರಿಸಿದಾಗ ಅತ್ತಿಗೆ, "ಹೋಗ್ಲಿ ಬಿಡು, ಉಳಿದಿದ್ರಲ್ಲಿ ಕಾಲೊರೆಸೋ ಮ್ಯಾಟ್ ಆದ್ರೂ ಆಗತ್ತೆ" ಅಂದ್ರು. ಮ್ಯಾಟ್ ಆಯ್ತು, ಆದ್ರೆ ಅದಕ್ಕೆ ಯಾರು ದುಡ್ಡು ಕೊಡ್ತಾರೆ.

ಮಿಕ್ಕ 170 ಚೌಕಕ್ಕೆ ಶಿವರಾಂಪೇಟೆ, ಮನ್ನಾರ್ಸ್ ಮಾರ್ಕೆಟ್ ಕಡೆ ಹೋದ್ವಿ, ಅಲ್ಲಿಂದ ಅಶೋಕ ರಸ್ತೆಗೆ. ಇದು ಎರಡನೇ ಜಾತಿ, ಥಾನ್ ಕೊನೆ. ಇಲ್ಲಿ ಪನ್ನ ಪೂರ್ತಿ ಇರತ್ತೆ, ಎರಡೂ ಕಡೆ ಅಂಚು ಇರತ್ತೆ, ಉದ್ದ ಮಾತ್ರ ಕಮ್ಮಿ. ಮೀಟರ್ 65ರ ಲೆಕ್ಕದಲ್ಲಿ ಹಾಕ್ಕೊಟ್ರು, ಕಮ್ಮಿ ಮಾಡಿ ಅಂದ್ರೆ "ಮೇಡಂ ಇದೇ ಅರ್ಧ ರೇಟು" ಅಂದ್ರು, ಅದೂ ಹೆಚ್ಚುಕಮ್ಮಿ ನಿಜಾನೇ.

ಇಲ್ಲಿ ಒಂದು ವಿಷಯ ನನಗೆ ಬಹಳ ಹಿಡಿಸ್ತು, ಸ್ವಲ್ಪ ನಿಂತು ಹೇಳ್ತೀನಿ. ತುಂಡಿನ ಉದ್ದ ಜಾಸ್ತಿ ಇದ್ರೆ ಚೌಕ ಜಾಸ್ತಿ ಅಂತ ನಾವು ಅಂದ್ಕೋತೀವಿ. ಹಾಗಲ್ಲ, ಸಾಲು ಪೂರ್ತಿ ಆದ್ರೆ ಮಾತ್ರ ಲೆಕ್ಕಕ್ಕೆ ಬರೋದು. 50 ಸೆಂಟಿಮೀಟರ್ ತುಂಡು ನೆನೆಸಿದ ಮೇಲೆ 19 ಇಂಚಿಗೆ ಬರತ್ತೆ, ಮೂರು ಸಾಲು, 21 ಚೌಕ. 60 ಸೆಂಟಿಮೀಟರ್ ಆದ್ರೆ ಇಪ್ಪತ್ತೆರಡೂವರೆ ಇಂಚು, ನಾಲ್ಕು ಸಾಲು, 28 ಚೌಕ. ಹತ್ತು ಸೆಂಟಿಮೀಟರ್‌ಗೆ ಏಳು ಚೌಕ ಲಾಭ. ಅದೇ 90 ಸೆಂಟಿಮೀಟರ್ ತಗೊಳ್ಳಿ, ಒಂದು ಮೀಟರ್ ತಗೊಳ್ಳಿ, ಎರಡರಲ್ಲೂ ಆರೇ ಸಾಲು, 42 ಚೌಕ, ಹತ್ತು ಸೆಂಟಿಮೀಟರ್‌ಗೆ ಕೊಟ್ಟ ಆರೂವರೆ ರೂಪಾಯಿ ಪಟ್ಟಿ ಆಗಿ ಉಳಿಯತ್ತೆ ಅಷ್ಟೇ. ಹಾಗಾಗಿ ರಾಶೀಲಿ ಕೈ ಹಾಕೋ ಮುಂಚೆ ನಿಮ್ಮ ಚೌಕಕ್ಕೆ ಯಾವ ಉದ್ದ ಸರಿಯಾಗಿ ಕೂರತ್ತೆ ಅಂತ ಚೀಟೀಲಿ ಬರ್ಕೊಂಡು ಹೋಗಿ. ನಮ್ಮ ಚೀಟೀಲಿ ಇದ್ದಿದ್ದು 60, 90, 120. ಸಿಕ್ಕಿದ್ದು 60ರದ್ದು ಎರಡು, 90ರದ್ದು ಒಂದು, 120ರದ್ದು ಒಂದು, ಮತ್ತೆ ಅತ್ತಿಗೆಗೆ ಬಿಡೋಕೆ ಮನಸ್ಸಾಗದ ಒಂದು ಇಂಡಿಗೋ ಪ್ರಿಂಟ್ 50ರದ್ದು. ಒಟ್ಟು 3.8 ಮೀಟರ್, 247 ರೂಪಾಯಿ, 175 ಚೌಕ. ಚೌಕಕ್ಕೆ 1 ರೂಪಾಯಿ 40 ಪೈಸೆ.

ಥಾನ್ ಕೊನೇಲಿ ರೋಗಗಳೂ ಇರ್ತವೆ. ಒಳಗಿನ ತುದಿ ಆದ್ರಿಂದ ಮಡಿಕೆ ಗೆರೆ ಹೋಗೋದೇ ಇಲ್ಲ, ಕೆಲವು ಸಲ ಮಿಲ್ಲಿನ ಸೀಲು ಬಟ್ಟೆ ಮೇಲೇ ಇರತ್ತೆ. ಷೋಕೇಸಲ್ಲಿ ಇದ್ದಿದ್ದು ಆದ್ರೆ ಮಡಿಕೆ ಮೇಲೆ ಬಿಸಿಲಿಗೆ ಬಣ್ಣ ಹೋಗಿರತ್ತೆ, ಪೂರ್ತಿ ಬಿಡಿಸಿ ನೋಡ್ದೆ ಗೊತ್ತಾಗಲ್ಲ. ಎಲ್ಲಕ್ಕಿಂತ ಮುಖ್ಯ, ಕತ್ತರೀಲಿ ಕಟ್ ಮಾಡಿದ ತುದಿ ಸೊಟ್ಟ ಇರತ್ತೆ. ಸಾದಾ ನೇಯ್ಗೆ ಕಾಟನ್ ಆದ್ರೆ ಸಣ್ಣದಾಗಿ ಕತ್ತರಿಸಿ ಕೈಯಲ್ಲಿ ಹರಿದ್ರೆ ನೂಲಿನ ನೇರಕ್ಕೇ ಹರಿಯತ್ತೆ, ಆವಾಗ ಒಂದು ಕಡೆ ಒಂದೆರಡು ಇಂಚು ತ್ರಿಕೋನ ಆಗಿ ವೇಸ್ಟ್ ಹೋಗತ್ತೆ. ಅಂಗಡೀಲೇ ಎರಡೂ ಅಂಚು ಸೇರಿಸಿ ಹಿಡಿದು ನೋಡಿದ್ರೆ ಎಷ್ಟು ಸೊಟ್ಟ ಅಂತ ಕಾಣತ್ತೆ, ಕಮ್ಮಿ ಇರೋ ಕಡೆಯಿಂದ ಅಳೀರಿ ಅಂತ ಕೇಳೋದ್ರಲ್ಲಿ ನಾಚಿಕೆ ಏನಿಲ್ಲ. ಮೀಟರ್ ಕಡ್ಡಿ ಮೇಲೆ ತೂಕ-ಅಳತೆ ಇಲಾಖೆ ಸೀಲ್ ಇದ್ಯಾ ಅಂತಾನೂ ನೋಡ್ಬೇಕು, 2009ರ ಕಾನೂನು ಪ್ರಕಾರ ಇರ್ಲೇಬೇಕು, ಆದ್ರೆ ಮೇಜಿಗೆ ಹೊಡೆದ ಎರಡು ಮೊಳೆ ನಡುವೆ ಬಟ್ಟೆ ಎಳೆದು ಎಳೆದು ಅಳೆಯೋರು ಇನ್ನೂ ಇದಾರೆ. ಅತ್ತಿಗೆ ಬ್ಯಾಗಲ್ಲಿ ಟೇಪ್ ಯಾವಾಗ್ಲೂ ಇರತ್ತೆ, ಅದನ್ನ ಹೊರಗೆ ತೆಗೆದ ತಕ್ಷಣ ಅಳೆಯೋ ಕೈ ಸಡಿಲ ಆಗೋದನ್ನ ನಾನೇ ನೋಡಿದೀನಿ.

ಬ್ಲೌಸ್ ಪೀಸ್ ಬಗ್ಗೆನೂ ಒಂದು ಮಾತು, ಯಾಕಂದ್ರೆ ಕೌದಿ ಅಂದ ತಕ್ಷಣ ಎಲ್ರೂ "ಮನೇಲಿ ಕುಂಕುಮಕ್ಕೆ ಕೊಟ್ಟಿರೋ ಪೀಸ್ ರಾಶಿ ಇದೆ, ತಗೊಂಡೋಗಿ" ಅಂತಾರೆ. ಪುಗಸಟ್ಟೆ, ನಿಜ. ಆ ಪೀಸ್‌ಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಅರಿಶಿನ ಕುಂಕುಮದ ತಟ್ಟೇಲಿ ಓಡಾಡೋಕೆ ಅಂತಾನೇ ಹುಟ್ಟಿರೋವು, ಹೊಲಿಯೋಕಲ್ಲ, ಬಹಳಷ್ಟು ಪಾಲಿಸ್ಟರ್ ಮಿಕ್ಸು, ಬೆಳಕಿಗೆ ಹಿಡಿದ್ರೆ ಆಚೆ ಇರೋರ ಮುಖ ಕಾಣತ್ತೆ. ಒಳ್ಳೇ ಟೂ ಬೈ ಟೂ ಕಾಟನ್ ಸಿಕ್ರೆ 36 ಇಂಚು ಪನ್ನ, 80 ಸೆಂಟಿಮೀಟರ್‌ನಲ್ಲಿ 30 ಚೌಕ ಬರತ್ತೆ, ಆದ್ರೆ ಈ ಆರ್ಡರ್‌ಗೆ ಬೇಕಾದ ನೀಲಿ ಒಂದೂ ಇರ್ಲಿಲ್ಲ. ಹಸಿರು ಕೆಂಪು ಬೇಕಾದಷ್ಟಿತ್ತು.

ಇನ್ನು ಹಿಂಭಾಗದ ಬಟ್ಟೆ. ನಿಜವಾದ ಕಷ್ಟ ಇದರದ್ದು. ಹೊಲಿಯೋವಾಗ ಸರಿಯತ್ತೆ ಅಂತ ಸುತ್ತ ನಾಲ್ಕು ನಾಲ್ಕು ಇಂಚು ಜಾಸ್ತಿ ಬೇಕು, ಅಂದ್ರೆ 98 ಇಂಚು 108 ಇಂಚು. 58 ಇಂಚು ಪನ್ನದ್ದು ಎರಡು ತುಂಡು ಕೌದಿ ಅಗಲಕ್ಕೆ ಅಡ್ಡ ಹಾಸಿ ಜೋಡಿಸಿದ್ರೆ ಸಾಕು, ಮುದುಡೋದು ಸೇರಿಸಿ ಒಂದೊಂದು 2.6 ಮೀಟರ್, ಒಟ್ಟು 5.2 ಮೀಟರ್. ಅತ್ತಿಗೆ ಇದನ್ನೂ ಥಾನ್ ಕೊನೇಲೇ ಹುಡುಕೋಣ ಅಂತ ಹಠ. ಆಫ್ ವೈಟ್‌ನಲ್ಲಿ 3 ಮೀಟರ್ ಒಂದು, 2.4 ಮೀಟರ್ ಒಂದು ಸಿಕ್ತು, ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ. ಬಾಗಿಲ ಹತ್ರ ಬಿಸಿಲಿಗೆ ಹಿಡಿದ್ರೆ ಒಂದು ಕೆನೆ ಬಣ್ಣ, ಇನ್ನೊಂದು ಫಳಫಳ ನೀಲಿ ಬಿಳುಪು. ಮಿಲ್ಲಲ್ಲಿ ಬೆಳ್ಳಗೆ ಕಾಣಲಿ ಅಂತ ಹಾಕೋ ಕೆಮಿಕಲ್ ಬಿಸಿಲಲ್ಲಿರೋ ನೇರಳಾತೀತ ಕಿರಣಕ್ಕೆ ಹೊಳೆಯತ್ತೆ, ಹಾಗಾಗಿ ಅದು ಹಾಕಿರೋದು ಹಾಕದೇ ಇರೋದು ಅಕ್ಕಪಕ್ಕ ಹೊಲಿದ್ರೆ ಟೆರೇಸ್ ಮೇಲೆ ಒಣಗಾಕಿದ ದಿನ ಬಣ್ಣ ಬಯಲಾಗತ್ತೆ. ಜೊತೆಗೆ 2.4 ಮೀಟರ್‌ದು ನೆನೆಸಿದ್ರೆ 91 ಇಂಚಿಗೆ ಇಳಿಯತ್ತೆ, 90 ಇಂಚಿನ ಕೌದಿಗೆ ಅದು ಜೂಜು.

"ಮೂರು ತುಂಡು ಜೋಡಿಸ್ತೀನಿ ಬಿಡು" ಅಂದ್ರು ಅತ್ತಿಗೆ. ಜೋಡಿಸಬಹುದು, ಕೌದಿ ಅಂದ್ರೆ ಜೋಡಿಸೋದೇ ತಾನೇ. ಆದ್ರೆ ಸೀರೆ ಮೂರು ಪದರ ಒಳಗಿದ್ದು, ಅದರ ಮೇಲೆ ಹಿಂದೆ ಇನ್ನೊಂದು ದಪ್ಪ ಜಾಯಿಂಟು ಬಂದ್ರೆ ಕೈಸೂಜಿ ಅಲ್ಲಿ ಹೋಗಲ್ಲ, ಅದೂ ಪ್ರತಿ ಸಾಲಲ್ಲೂ. ಕೊನೆಗೆ ಪೂರ್ತಿ ರೇಟ್ ಕೊಟ್ಟು ಒಂದೇ ಥಾನಿಂದ 5.2 ಮೀಟರ್ ಕಟ್ ಮಾಡ್ಸಿದ್ವಿ, ಮೀಟರ್ 130, ಒಟ್ಟು 676. ನನ್ನ ಲೆಕ್ಕದಲ್ಲಿ ಇಡೀ ಆರ್ಡರ್‌ನಲ್ಲಿ ಅತ್ಯಂತ ಸರಿಯಾದ ಖರೀದಿ ಇದೇ. ಸುತ್ತ ಅಂಚಿಗೆ ಎರಡೂವರೆ ಇಂಚಿನ ಪಟ್ಟಿ ಹತ್ತು ಬೇಕು, ಅದಕ್ಕೂ ಗಾಢ ನೀಲಿ 70 ಸೆಂಟಿಮೀಟರ್ ಹೊಸದೇ ತಗೊಂಡಿದ್ದು, 77 ರೂಪಾಯಿ, ಯಾಕಂದ್ರೆ ಮೊದಲು ಸವೆಯೋದು ಅಂಚು.

ಸೀರೆ ಲೆಕ್ಕ ಮಾತ್ರ ದೇವರು ಮಾಡಿಟ್ಟ ಹಾಗಿತ್ತು. ಐದೂವರೆ ಮೀಟರ್ ಸೀರೆ ಮಧ್ಯಕ್ಕೆ ಕತ್ತರಿಸಿದ್ರೆ 108 ಇಂಚಿನ ಎರಡು ತುಂಡು, ಅಕ್ಕಪಕ್ಕ ಜೋಡಿಸಿದ್ರೆ 91 ಇಂಚು ಅಗಲ, ಒಂದು ಸೀರೆಗೆ ಒಂದು ಪದರ.

ಬಣ್ಣ ಬಿಡೋದರ ಕಥೆ. ಆ ಇಂಡಿಗೋ ತುಂಡು ನೋಡಿದ್ರೇ ಅನುಮಾನ ಇತ್ತು. ಒದ್ದೆ ಬಿಳಿ ಬಟ್ಟೇಲಿ ಉಜ್ಜಿದ್ರೆ ನೀಲಿ ಬಂತು. ಪಕ್ಕದ್ಮನೆ ಆಂಟಿ ಉಪ್ಪಲ್ಲಿ ನೆನೆಸಿ ನಿಲ್ಲತ್ತೆ ಅಂದ್ರು, ಇದು ನಮ್ಮಜ್ಜಿ ಕಾಲದಿಂದ ಎಲ್ರೂ ಹೇಳೋದೇ, ಆದ್ರೆ ಅಂಗಡಿ ಬಟ್ಟೆಗೆ ಆಗ್ಲೇ ಹಾಕಿರೋ ಬಣ್ಣವನ್ನ ಉಪ್ಪಾಗ್ಲಿ ವಿನಿಗರ್ ಆಗ್ಲಿ ಹಿಡಿದು ನಿಲ್ಲಿಸಲ್ಲ, ಅಂಟದೇ ಉಳಿದಿರೋ ಬಣ್ಣವನ್ನ ಬಿಸಿನೀರಲ್ಲಿ ಸೋಪ್ ಹಾಕಿ ತೊಳೆದು ತೊಳೆದು ಹೊರಗೆ ತೆಗೀಬೇಕು ಅಷ್ಟೇ. ಇಂಡಿಗೋ ಆದ್ರೆ ನೂಲಿನ ಮೇಲ್ಮೈಯಲ್ಲೇ ಕೂತಿರತ್ತೆ, ಜೀನ್ಸ್ ಹಾಕಿದ್ರೆ ಬಿಳಿ ಸೋಫಾಗೆ ಅಂಟಲ್ವಾ, ಹಾಗೆ, ಒಗೆದ್ರೂ ಉಜ್ಜಿದ್ರೆ ಬರ್ತಾನೇ ಇರತ್ತೆ. ನೀರು ತಿಳಿ ಆಗೋವರೆಗೂ ಒಗೆದ್ವಿ, ಆಮೇಲೂ ಅತ್ತಿಗೆ ಆ 21 ಚೌಕಗಳನ್ನ ಬಿಳಿ ಪಕ್ಕ ಎಲ್ಲೂ ಬರದ ಹಾಗೆ ಗಾಢ ನೀಲಿಗಳ ನಡುವೆ ಕೂರಿಸಿದ್ರು. ಜೋಡಣೆ ಮಾಡೋದು ಹೊಲಿಗೆಗಿಂತ ಕಷ್ಟದ ಕೆಲಸ ಅಂತ ಅವತ್ತು ಗೊತ್ತಾಯ್ತು.

ಇಡೀ ಲೆಕ್ಕ ಹೀಗೆ ಬಂತು. ಗಂಟು 840, ಥಾನ್ ಕೊನೆ 247, ಹಿಂಭಾಗ 676, ಅಂಚು ಪಟ್ಟಿ 77, ದಾರ 180, ಬಸ್ಸು ಆಟೋ 200, ಒಟ್ಟು 2,220. ಕೂಲಿಗೆ ಉಳಿದಿದ್ದು 4,280. ಈಗ ಮೇಲ್ಭಾಗ ಮಾತ್ರ ನೋಡಿ, 840 ಪ್ಲಸ್ 247, 1,087 ರೂಪಾಯಿ. ಏನೂ ಹುಡುಕದೆ, ಒಂದೇ ಅಂಗಡೀಲಿ ಫ್ಯಾನ್ ಕೆಳಗೆ ಕೂತು ಥಾನಿಂದ ಕಟ್ ಮಾಡ್ಸಿದ್ರೆ 990. ಡಿಸ್ಕೌಂಟ್ ಬಟ್ಟೆ ಹುಡುಕಿ 97 ರೂಪಾಯಿ ಜಾಸ್ತಿ ಕೊಟ್ಟ ಹಾಗಾಯ್ತು. ಗಂಟು ಬಿಟ್ಟು ಪೂರ್ತಿ ಥಾನ್ ಕೊನೇಲೇ ಮಾಡಿದ್ರೆ 510ರ ಆಸುಪಾಸು ಆಗ್ತಿತ್ತು, ಅಂದ್ರೆ ಎಲ್ಲಾ ಸರಿಯಾಗಿ ಮಾಡಿದ್ರೂ ಕಟ್ ಪೀಸಿಂದ ಉಳಿಯೋದು 480 ರೂಪಾಯಿ, 6,500ರ ಕೆಲಸದಲ್ಲಿ. ಕಮ್ಮಿ ಅಂತ ಅಲ್ಲ, ಅತ್ತಿಗೆಗೆ ಅದು ಒಂದು ಬ್ಲೌಸಿನ ಕೂಲಿಗಿಂತ ಜಾಸ್ತಿ. ಆದ್ರೆ ಬಿಸಿಲಲ್ಲಿ ರಾಶಿ ಕೆದಕೋಕೆ ಎಷ್ಟು ಹೊತ್ತು ಕೊಡ್ಬೇಕು ಅನ್ನೋದಕ್ಕೆ ಈ 480 ಒಂದು ಗೆರೆ. ಅಷ್ಟು ಹೊತ್ತಲ್ಲಿ ಎರಡು ಬ್ಲೌಸ್ ಹೊಲೀಬಹುದು ಅಂದ್ರೆ ಥಾನೇ ಅಗ್ಗ.

ದುಡ್ಡು ಬಿಟ್ಟು ನೋಡಿದ್ರೆ ಕಟ್ ಪೀಸಿನ ನಿಜವಾದ ಲಾಭ ಬೇರೆ. ಥಾನಿಂದ ತಂದಿದ್ರೆ ಮೂರೋ ನಾಲ್ಕೋ ಪ್ರಿಂಟ್ ತರ್ತಿದ್ವಿ, ಒಂದೊಂದು ಎರಡೆರಡು ಮೀಟರ್. ಇದರಲ್ಲಿ ಬಂದಿರೋ ನೀಲಿಗಳ ವೆರೈಟಿ ನೋಡಿದ್ರೆ, ಚೆಕ್ಸು, ಗೀಟು, ಸಣ್ಣ ಹೂವು, ಆ ಇಂಡಿಗೋ, ಗೋಕುಲಂ ಮೇಡಂ ಹಾಸಿಗೆ ಮೇಲೆ ಹರಡಿದ ತಕ್ಷಣ ಫೋನ್ ತೆಗೆದ್ರು. ಅದೇ ಕಾರಣಕ್ಕೆ ಅತ್ತಿಗೆ ಮುಂದಿನ ಆರ್ಡರ್‌ಗೂ ಕಟ್ ಪೀಸೇ ಅಂತಾರೆ, ಆದ್ರೆ ಹಿಂಭಾಗ ಮತ್ತೆ ಪಟ್ಟಿ ಮೊದಲು ಥಾನಿಂದ ತಗೊಂಡು, ಅದರ ಒಂದು ಚೂರು ಬ್ಯಾಗಲ್ಲಿಟ್ಕೊಂಡು, ಆಮೇಲೆ ಅದಕ್ಕೆ ಹೊಂದೋ ತುಂಡು ಹುಡುಕೋದು ಅಂತ ಈಗ ನಿಯಮ ಆಗಿದೆ.

ಒಂದು ವಾರದ ಮೇಲೆ ಮೇಡಂ ಫೋನ್ ಮಾಡಿ ಅದೇ ಬಟ್ಟೇದು ಎರಡು ದಿಂಬಿನ ಕವರ್ ಬೇಕು ಅಂದ್ರು. ಥಾನ್ ಕೊನೆ ಅಂದ್ರೆ ಕೊನೇನೇ, ಅಂಗಡೀಲಿ ಕೇಳಿದ್ರೆ ಆ ಪ್ರಿಂಟ್ ಯಾವ್ದೂ ಇಲ್ಲ. ಕತ್ತರಿಸಿ ಉಳಿದಿದ್ದು 5 ಚೌಕ, ಕವರ್‌ಗೆ ಮೂರರಂತೆ ನಡುವೆ ಒಂದು ಸಾಲು ಹಾಕೋಕೆ ಆರು ಬೇಕು, ಆರನೇದು ಗಂಟಿನ ಚೂರುಗಳಲ್ಲಿ ಎರಡು ಜೋಡಿಸಿ ಮಾಡಿದ್ರು, ಸುತ್ತ ಆಫ್ ವೈಟು, ಅದು ಥಾನ್ ಬಟ್ಟೆ ಆದ್ರಿಂದ ಇನ್ನೊಂದೂವರೆ ಮೀಟರ್ ಸಲೀಸಾಗಿ ಸಿಕ್ತು. ಎರಡಕ್ಕೆ 450 ಅಂತ ಹೇಳಿದ್ರು, ಮೇಡಂ ಚೌಕಾಸಿ ಮಾಡ್ಲಿಲ್ಲ.